ಕಪ್ಪು ಶಾಲು

ಮರಿಯಾನಿಕ್ ಮನೆಯ ಬೀಗದ ಕೈಯಿಂದ ಗಾಜಿನ ಗೂಡನ್ನು ಮೂರು ಸಲ ತಟ್ಟಿದಳು.

"ನಿಮ್ಮ ಯಜಮಾನ ಹೋಗ್ಬಿಟ್ಟ ಕಣ್ರೋ. ನೀವು ಮಾತ್ರ ಹೋಗ್ಬೇಡಿ."

ತರಗತಿ ಖಾಲಿಯಿತ್ತು. ಗಾಜಿನ ಹಿಂದೆ ಜೇನುಹುಳುಗಳು ತಮ್ಮ ಪಾಡಿಗೆ ಮೇಣದ ಎರಿಯ ಮೇಲೆ ಓಡಾಡುತ್ತಿದ್ದವು. ಸಾಕಿದವನ ಸಾವನ್ನು ಹುಳುಗಳಿಗೆ ತಿಳಿಸದಿದ್ದರೆ ಗೂಡೇ ಹಾಳಾಗುತ್ತದೆಂದು ಫ್ರಾನ್ಸಿನ ನಮ್ಮ ಬ್ರಿಟನಿ ಸೀಮೆಯ ಹಳ್ಳಿಗಳಲ್ಲಿ ಇನ್ನೂ ನಂಬುತ್ತಾರೆ. ತಿಳಿಸಿ, ಒಂದು ಕಪ್ಪು ಪಟ್ಟಿ ಕಟ್ಟಿದರೆ ಮುಗಿಯಿತು. ಆದರೆ ಇಡೀ ಆಯುಷ್ಯ ಈ ಕೋಣೆಯಲ್ಲೇ ಸವೆಸಿದ ಅಣ್ಣನಿಗೆ ಬರೀ ಒಂದು ಪಟ್ಟಿಯೇ? ಕೊನೆಗಾಲದಲ್ಲಿ ಅಣ್ಣ ಎಫ್ಲಾಮ್ ಅವಳನ್ನು ಕೇಳಿಕೊಂಡಿದ್ದು ಒಂದೇ ಮಾತು, ಹುಳುಗಳನ್ನ ನೋಡ್ಕೋ ಅಂತ. ಅವಳು ತನ್ನ ಕಪ್ಪು ಉಣ್ಣೆಯ ಶಾಲನ್ನೇ ತೆಗೆದು, ಹಸುಗೂಸಿಗೆ ಸುತ್ತುವ ಹಾಗೆ ಗೂಡಿಗೆ ಬುಡದಿಂದ ನೆತ್ತಿ ಮುಚ್ಚುವವರೆಗೆ ಸುತ್ತಿದಳು. ಶಾಲೆಯ ಅಂಗಳದಿಂದ ಶವಪೆಟ್ಟಿಗೆ ಹೊರಡುವ ಹೊತ್ತಾಗಿತ್ತು.

*

ಎಷ್ಟೋ ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ ಗ್ವೆನೋಲಾ ಎಂಬ ಹುಡುಗಿ ಬೆಂಚು ಹತ್ತಿ ನಿಂತಿದ್ದಳು. ಎಫ್ಲಾಮ್ ಮೇಷ್ಟ್ರು ಗೂಡಿನ ನೆತ್ತಿಯ ಜಾಲರಿಯ ಮೇಲೆ ಅವಳ ಅಂಗೈ ಇಡಿಸಿದರು.

"ಏನಾಗ್ತಿದೆ?"

"ಬೆಚ್ಚಗೆ ಗಾಳಿ, ಮೇಷ್ಟ್ರೇ!"

"ಸೆಕೆಯಾದ್ರೆ ಎಲ್ಲಾ ಸೇರಿ ರೆಕ್ಕೆ ಬೀಸ್ತಾವೆ. ಅದು ಗೂಡಿನ ಉಸಿರು ಅಂದ್ಕೋ."

ಮೇಷ್ಟ್ರು ಮದುವೆಯಾಗಲಿಲ್ಲ, ಊರು ಬಿಡಲಿಲ್ಲ, ಹೆಸರು ಮಾಡಲಿಲ್ಲ. ಅರ್ಧ ಊರಿನ ಅಂಗೈಗೆ ಆ ಗಾಳಿ ತಾಗಿಸಿದರು, ಅಷ್ಟೇ.

*

ಮಣ್ಣು ಮಾಡಿ ಬಂದವರು ಊಟಕ್ಕೆ ಕೂತರು. ಹೊರಗೆ ಜೂನ್ ತಿಂಗಳ ಬಿಸಿಲು ಸುಡುತ್ತಿತ್ತು. ಮೀನು ಹಿಡಿಯುವ ಗಿರೆಕ್ ಎಲ್ಲರಿಗೂ ಸೇಬಿನ ಮದ್ಯ ಸೈಡರ್ ಬಗ್ಗಿಸುತ್ತ, "ಮೇಷ್ಟ್ರು ನನ್ನ ಎರಡೆರಡು ಸಲ ಅದೇ ಕ್ಲಾಸಲ್ಲಿ ಕೂರಿಸಿದ್ರು. ಹುಳಗಳಿಗೂ ನನ್ನ ಮುಖ ನೋಡಿ ಸಾಕಾಗಿತ್ತು!" ಅಂದ. ಅಳುತ್ತಿದ್ದವರೂ ನಕ್ಕರು.

"ಇವತ್ತು ಒಂದೂ ಹೊರಗೆ ಕಾಣ್ಲಿಲ್ಲ," ಅಂದಳು ಮರಿಯಾನಿಕ್. "ಅಣ್ಣನ್ನ ಕಳಿಸೋಕೂ ಬರ್ಲಿಲ್ವಲ್ಲ."

ಗ್ವೆನೋಲಾ ಈಗ ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವಳು ಮೆಲ್ಲಗೆ, "ಬೆಳಿಗ್ಗೆ ನಾನೇ ಅವು ಹೊರಗೆ ಹೋಗೋ ಕೊಳವೆಗೆ ಬಟ್ಟೆ ತುರುಕ್ದೆ, ದೊಡ್ಡಮ್ಮ. ಶವಪೆಟ್ಟಿಗೆ ಕಿಟಕಿ ಕೆಳಗೇ ಇಟ್ಟಿದ್ರಲ್ಲ, ಯಾರಿಗಾದ್ರೂ ಕಚ್ಚಿದ್ರೆ ಅಂತ. ಉಸಿರಿಗೇನೂ ತೊಂದ್ರೆ ಇಲ್ಲ, ನೆತ್ತಿ ಮೇಲೆ ಜಾಲರಿ ಇದೆ" ಅಂದಳು.

ಮರಿಯಾನಿಕ್‌ಳ ಕೈ ತಟ್ಟೆಯಲ್ಲೇ ನಿಂತಿತು.

"ನೆತ್ತಿ ಮೇಲಾ?"

"ಹೂಂ. ಯಾಕೆ?"

"ನಾನು ಶಾಲು ಸುತ್ತಿ ಬಂದಿದೀನಿ ಕಣೇ. ಪೂರ್ತಿ."

ಗ್ವೆನೋಲಾ ಕುರ್ಚಿ ಉರುಳಿದ್ದನ್ನೂ ನೋಡದೆ ತರಗತಿಗೆ ಓಡಿದಳು.

ಶಾಲಿನ ಅಂಚಿನಿಂದ ಜೇನುತುಪ್ಪ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬಿಚ್ಚಿದರೆ ಗಾಜು ಒಳಗಿನಿಂದ ಬೆವೆತಿತ್ತು. ಎರಿಗಳು ಕರಗಿ ಕುಸಿದಿದ್ದವು, ತಳದಲ್ಲಿ ಹುಳುಗಳ ಒದ್ದೆ ರಾಶಿ. ಕೊಳವೆಯ ಬಟ್ಟೆ ಕಿತ್ತೆಸೆದಳು. ಒಂದೂ ಹೊರಟು ಬರಲಿಲ್ಲ.

ಮರಿಯಾನಿಕ್ ಏದುಸಿರು ಬಿಡುತ್ತ ಬಂದಳು. "ಇದಾವಾ? ಒಂದಾದ್ರೂ ಇದೆಯಾ, ಹೇಳೇ!"

ಗ್ವೆನೋಲಾ ಬೆಂಚು ಹತ್ತಿ ಜಾಲರಿಗೆ ಅಂಗೈ ಒತ್ತಿ ನಿಂತಳು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಕೆಳಗೆ ಮುದುಕಿ ಬೀಗದ ಕೈಯಿಂದ ಗಾಜನ್ನು ತಟ್ಟುತ್ತಲೇ ಇದ್ದಳು.