ಹೋಡಿ ಅನ್ನದೆ ಒಳಹೊಕ್ಕ ಲೆಕ್ಕ

ನಾನು ಬರೆದ ಗುಣಾಕಾರದ ಪ್ರೋಗ್ರಾಂ ಮೂರು ಪಟ್ಟು ವೇಗವಾಯಿತೆಂದು ಸೋಮವಾರ ಇಡೀ ಆಫೀಸಿಗೆ ಕರಿದ ಸಿಹಿ ಮಂದಾಜಿ ಹಂಚಿದ್ದೆ. ಗುರುವಾರ ಬೆಳಿಗ್ಗೆ ಸರೋವರದ ದ್ವೀಪವೊಂದರಿಂದ ನರ್ಸ್ ಕಬುಲಮ್ಮನ ಫೋನ್ ಬಂತು.

ಸರೋವರದ ದಡದ ಮ್ವಾಂಜಾ ಪಟ್ಟಣದಲ್ಲಿ ನಾವು ಮಾಡುವುದು ಒಂದು ಸಣ್ಣ ಪೆಟ್ಟಿಗೆ. ಅದು ಲಸಿಕೆ ಫ್ರಿಜ್ಜಿನ ಉಷ್ಣತೆ ಅಳೆದು, ಕಾಲು ಗಂಟೆಗೊಮ್ಮೆ ಸರಾಸರಿ ತೆಗೆದು, ನಡುವೆ ಯಾರೂ ಓದಲಾಗದಂತೆ ಗುಟ್ಟಾಗಿ ಜಿಲ್ಲಾ ಕಚೇರಿಗೆ ಕಳಿಸುತ್ತದೆ. ಗುಟ್ಟು ಕಾಯುವ ಎಲಿಪ್ಟಿಕ್ ಕರ್ವ್ ಲೆಕ್ಕ ನಡೆಯುವುದು ಕರ್ನೆಲ್‌ನಲ್ಲಿ, ಅಂದರೆ ಉಳಿದ ಪ್ರೋಗ್ರಾಂಗಳಿಗೆಲ್ಲ ಯಜಮಾನನಾದ ಭಾಗದಲ್ಲಿ. ಎಪ್ಪತ್ತೇಳು ಅಂಕಿಯ ಸಂಖ್ಯೆಗಳನ್ನು ಗುಣಿಸಿ, ಒಂದು ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ, ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಭಾಗಾಕಾರ ಆಮೆನಡಿಗೆ. ಪುಣ್ಯಕ್ಕೆ ಆ ಅವಿಭಾಜ್ಯ ಸಂಖ್ಯೆ ಒಳ್ಳೆಯದು: ಮಿತಿ ಮೀರಿ ಉಕ್ಕಿದ್ದನ್ನು ಹತ್ತೊಂಬತ್ತರಿಂದ ಗುಣಿಸಿ ಕೆಳಗೆ ಕೂಡಿಸಿದರೆ ಆಯಿತು, ಭಾಗಿಸುವ ಗೋಜಿಲ್ಲ. ಇದನ್ನೆಲ್ಲ ನಾನು ಪ್ರೊಸೆಸರ್‌ನ ಅಗಲ ರಿಜಿಸ್ಟರ್‌ಗಳಲ್ಲಿ, ಅಂದರೆ ಸಂಖ್ಯೆ ಇಡುವ ಗೂಡುಗಳಲ್ಲಿ, ಒಟ್ಟೊಟ್ಟಿಗೆ ಮಾಡಿಸಿ ಮೀಸೆ ತಿರುವಿದ್ದೆ.

"ಮಗಾಂಗಾ, ನಿನ್ನ ಪೆಟ್ಟಿಗೆ ಮೈನಸ್ ಹದಿನಾಲ್ಕು ಅಂತಿದೆ," ಎಂದರು ಕಬುಲಮ್ಮ.

"ನೀವೇ ಥಂಡಿ ಗುಂಡಿ ಜಾಸ್ತಿ ತಿರುಗಿಸಿರ್ಬೇಕು."

"ಇಪ್ಪತ್ತೆರಡು ವರ್ಷದಿಂದ ಫ್ರಿಜ್ ಕಾಯ್ತಿದೀನಿ ಕಣೋ. ಆಗಿನ್ನೂ ನೀನು ಚಡ್ಡಿ ಹಾಕ್ಕೊಂಡು, ಸೂಜಿ ನೋಡಿ ಓಡ್ತಿದ್ದೆ. ಒಳಗಿರೋ ಥರ್ಮಾಮೀಟರ್ ಐದು ತೋರಿಸ್ತಿದೆ. ಆದ್ರೆ ಜಿಲ್ಲೆಯಿಂದ ಬಂದಿರೋ ಸಾಹೇಬ್ರು ಒಪ್ಪಲ್ಲ. ರಾತ್ರಿ ಹೆಪ್ಪುಗಟ್ಟಿ ಈಗ ಕರಗಿದ್ರೆ ಲಸಿಕೆ ಕೆಟ್ಟ ಹಾಗೇ ಅಂತಾರೆ. ಹನ್ನೊಂದಕ್ಕೆ ಎಲ್ಲ ಎಸೀತಾರಂತೆ. ಅರವತ್ತು ಮಕ್ಕಳು ದೋಣಿ ಇಳಿದು ಬಂದು ಕೂತಿದಾವೆ."

ಅವರ ದನಿ ನಡುಗಿದ್ದನ್ನು ನಾನು ಮೊದಲ ಸಲ ಕೇಳಿದೆ.

ಆಗ ಒಂಬತ್ತೂವರೆ. ನನ್ನ ಕಂಪ್ಯೂಟರಿನಿಂದಲೇ ದ್ವೀಪದ ಪೆಟ್ಟಿಗೆಯೊಳಗೆ ಇಣುಕಿದೆ. ಅಳತೆಗಳೆಲ್ಲ ಐದು, ನಾಲ್ಕು, ಐದು, ಐದು. ಸರಾಸರಿ ಮಾತ್ರ ಮೈನಸ್ ಹದಿನಾಲ್ಕು! ಫೋನಿನಲ್ಲೇ ಸಾಹೇಬರಿಗೆ ಹೇಳಿದೆ.

"ಅಳತೆ ಸುಳ್ಳೋ ಸರಾಸರಿ ಸುಳ್ಳೋ, ನನಗೇನ್ರೀ ಗೊತ್ತು? ಕಾರಣ ಹೇಳಿ, ನಂಬ್ತೀನಿ," ಎಂದರು. ತಪ್ಪೇನಿಲ್ಲ, ಮಕ್ಕಳ ವಿಷಯ.

ಪಕ್ಕದ ಮೇಜಿನ ಎನ್‌ಕ್ವಿಂಬಾ ಕುರ್ಚಿ ಎಳೆದುಕೊಂಡು ಬಂದಳು. ಕರ್ನೆಲ್ ಕೆಲಸದಲ್ಲಿ ನನಗಿಂತ ಹಳಬಳು, ನಾಲಿಗೆಯೂ ಹರಿತ.

"ಸರಾಸರಿ ಕೆಡ್ತಿರೋದು ಗುಟ್ಟಿನ ಕೀಲಿ ಬದಲಾಗೋ ಹೊತ್ತಿಗೇ ಅಲ್ವೇನೋ? ಅದು ನಿನ್ನ ಗುಣಾಕಾರ ಓಡೋ ಹೊತ್ತು."

"ನನ್ನ ಪರೀಕ್ಷೆಗಳೆಲ್ಲ ಪಾಸಾಗಿದಾವೆ."

"ನಿನ್ನ ಉತ್ತರ ಸರಿಯಾ ಅಂತ ನೋಡ್ಕೊಂಡೆ. ಪಕ್ಕದವರ ಮನೆ ಏನಾಯ್ತು ಅಂತ ನೋಡಿದ್ಯಾ? ಹೋಡಿ ಅಂದ್ಯಾ, ಹಾಗೇ ನುಗ್ಗಿದ್ಯಾ?"

ನಮ್ಮಲ್ಲಿ ಯಾರ ಮನೆಗೆ ಹೋದರೂ ಹೊಸ್ತಿಲಾಚೆ ನಿಂತು "ಹೋಡಿ" ಎನ್ನಬೇಕು, ಒಳಗಿನಿಂದ "ಕರಿಬು" ಬಂದ ಮೇಲೆ ಕಾಲಿಡಬೇಕು. ಯಜಮಾನನಾದರೇನು, ಕರ್ನೆಲ್ಲಿಗೂ ಇದೇ ಮರ್ಯಾದೆ. ಆ ಅಗಲ ರಿಜಿಸ್ಟರ್‌ಗಳಲ್ಲಿ ಬೇರೆ ಪ್ರೋಗ್ರಾಂಗಳ ಲೆಕ್ಕ ಅರ್ಧಕ್ಕೆ ನಿಂತಿರುತ್ತದೆ. ಮೊದಲು ಕೇಳಿದರೆ ಅದನ್ನು ಜೋಪಾನವಾಗಿ ಎತ್ತಿಟ್ಟು ಜಾಗ ಕೊಡುತ್ತಾರೆ. ಗುಣಾಕಾರಕ್ಕೆ ನಾನು ಕೇಳಿದ್ದೆ. ಆದರೆ ಕೊನೆಯಲ್ಲಿ ಶೇಷ ತೆಗೆಯುವ ತುಣುಕನ್ನು ವೇಗದ ಆಸೆಗೆ ಬೇರೆ ಮಾಡಿದ್ದೆ. ಅದು ಕೇಳದೆ ನುಗ್ಗಿ ಉಷ್ಣತೆಯ ಮೊತ್ತವನ್ನು ತುಳಿದುಹಾಕಿತ್ತು.

ನಮ್ಮ ಮೇಜಿನ ಪೆಟ್ಟಿಗೆಯಲ್ಲಿ ಬೇಕೆಂದೇ ಕೀಲಿ ಬದಲಿಸಿದೆವು. ಸರಾಸರಿ ಕೆಟ್ಟಿತು. ಹೋಡಿ ಅನ್ನುವ ಎರಡು ಸಾಲು ಸೇರಿಸಿ ಮತ್ತೆ ಮತ್ತೆ ಬದಲಿಸಿದೆವು. ಕೆಡಲಿಲ್ಲ.

ಹತ್ತು ಐವತ್ತಕ್ಕೆ ಫೋನ್ ಮಾಡಿದೆ. "ಸಾಹೇಬ್ರೇ, ತಪ್ಪು ನಂದು. ನಾನು ಬರೆದ ಲೆಕ್ಕ ಸರಾಸರಿನ ಕೆಡಿಸಿದೆ. ಕಬುಲಮ್ಮಂದು ಕೂದಲಷ್ಟೂ ತಪ್ಪಿಲ್ಲ."

ಅವರು ಮೂರು ದಿನದ ಅಳತೆಗಳನ್ನು ಗಂಟೆಗೊಂದರಂತೆ ಓದಿಸಿದರು. ನಾಲ್ಕು, ಐದು, ಐದು, ಆರು. ಕೊನೆಗೆ ಅವರು ಕಬುಲಮ್ಮನಿಗೆ, "ಹೂಂ, ಶುರು ಮಾಡಮ್ಮ," ಎಂದದ್ದು ಕೇಳಿಸಿತು.

ಫೋನ್ ಕಿವಿಗೇ ಇತ್ತು. ಸ್ವಲ್ಪ ಹೊತ್ತಿಗೆ ಒಂದು ಮಗು ದ್ವೀಪವೇ ಎದ್ದು ಕೂರುವಂತೆ ಕಿರುಚಿಕೊಂಡಿತು. ಅಷ್ಟು ಇಂಪಾದ ದನಿಯನ್ನು ನಾನು ಕೇಳಿಯೇ ಇಲ್ಲ. ನಗುತ್ತಲೇ ಕಣ್ಣೊರೆಸಿಕೊಂಡೆ.

"ಕೇಳಿಸ್ತೇನೋ?" ಎಂದರು ಕಬುಲಮ್ಮ. "ಇನ್ನೂ ಐವತ್ತೊಂಬತ್ತಿದಾವೆ. ಇಡು ಫೋನು."