ಕಲ್ಲಿಗೆ ಓಗೊಡಬಾರದು

ಊರಿನ ಬೆನ್ನಿಗೇ ನಿಂತಿದ್ದ ಆ ಕಲ್ಲುಕಂಬಗಳನ್ನು ಯಾರೂ ಕಡೆದು ನಿಲ್ಲಿಸಿದ್ದಲ್ಲ. ಗಾಳಿ ಮಳೆ ಗುಡ್ಡವನ್ನು ತಿಂದು ಉಳಿಸಿದ ಎಲುಬುಗಳು ಅವು. ಊರವರ ಕತೆಯೇ ಬೇರೆ: ಹಿಂದೆ ಅಣ್ಣತಮ್ಮಂದಿರು ಗುಡ್ಡ ಹತ್ತಿದರಂತೆ, ಯಾರೋ ಕರೆದಂತಾಗಿ ಒಬ್ಬ 'ಓ' ಎಂದನಂತೆ, ನಿಂತಲ್ಲೇ ಕಲ್ಲಾದನಂತೆ. ಆಮೇಲೆ ಅವನು ಕರೆದ, ಇನ್ನೊಬ್ಬ ಓಗೊಟ್ಟ, ಹೀಗೆ ಎಲ್ಲರೂ ಕಲ್ಲಾದರು. ಕತ್ತಲು ಕವಿದ ಮೇಲೆ ಕಂಬಗಳು ನಮ್ಮವರದೇ ದನಿಯಲ್ಲಿ ಕರೆಯುತ್ತವೆ. ಓಗೊಟ್ಟರೆ ಇನ್ನೊಂದು ಕಂಬ ಏಳುತ್ತದೆ. ಅದೆಲ್ಲ ಸಂದಿಯಲ್ಲಿ ಗಾಳಿ ನುಗ್ಗುವ ಸದ್ದು ಎಂದು ಮೇಷ್ಟ್ರು ಶಾಲೆಯಲ್ಲಿ ಬಿಡಿಸಿ ಹೇಳುತ್ತಿದ್ದರು. ಸಂಜೆಯಾದರೆ ಎಲ್ಲರಿಗಿಂತ ಮೊದಲು ಮುಚ್ಚುತ್ತಿದ್ದದ್ದು ಅವರ ಮನೆಯ ಕಿಟಕಿಯೇ.

ಕೊನೆಯ ಬೀದಿಯ ವೆಲ್ಡರ್ ಮಾತ್ರ ಈ ಕತೆಗೆ ಸೊಪ್ಪು ಹಾಕುತ್ತಿರಲಿಲ್ಲ. ನೋಡಲು ಬರುವವರು ಜಾರಿ ಬೀಳದಿರಲೆಂದು ಕಂಬಗಳ ಸುತ್ತ ಕಬ್ಬಿಣದ ಕಂಬಿ ಕೂರಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಆ ಸಂಜೆ ಬರುವ ಹೊತ್ತು ಮೀರಿದರೂ ಅವನು ಬರಲಿಲ್ಲ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಅವಳ ಅತ್ತೆ ಒಲೆಯ ಮುಂದೆ. ಗುಡ್ಡದ ಕಡೆಯಿಂದ ದನಿ ಬಂತು.

"ಅಮ್ಮಾ! ಬಿದ್ದಿದೀನಿ, ಕಾಲು ಮುರಿದಿದೆ! ಯಾರಾದ್ರೂ ಬನ್ರೋ!"

ಬೀದಿಯುದ್ದಕ್ಕೂ ಕಿಟಕಿಗಳು ಪಟಪಟನೆ ಮುಚ್ಚಿದವು. ಸೊಸೆ ಎದ್ದಳು. ಅತ್ತೆ ಅವಳ ರಟ್ಟೆ ಹಿಡಿದಳು.

"ಕೂತ್ಕೋ. ಅವನೇ ಆಗಿದ್ರೆ ನಡ್ಕೊಂಡು ಬರ್ತಾನೆ."

ವೆಲ್ಡರನಿಗೆ ತನ್ನ ಊರಿನ ಬುದ್ಧಿ ಗೊತ್ತಿತ್ತು. ತಾನು ಕಲ್ಲಲ್ಲ ಎಂದು ನಂಬಿಸಲು ಪಾಪ, ಮನೆಯ ಗುಟ್ಟನ್ನೆಲ್ಲ ಬಾಯಿಬಿಟ್ಟು ಕೂಗತೊಡಗಿದ.

"ಅಮ್ಮಾ, ನಿನ್ನ ಕಟ್ಟಿಸಿದ ಹಲ್ಲನ್ನ ಬೆಕ್ಕು ಹೊತ್ಕೊಂಡು ಹೋಗ್ಲಿಲ್ಲ! ನಾನೇ ತುಳಿದು ಮುರಿದೆ! ಹಿತ್ತಲಲ್ಲಿ ಹೂತಿದೀನಿ!"

ಬೇರೆ ದಿನವಾಗಿದ್ದರೆ ಬೀದಿಗೆ ಬೀದಿಯೇ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿತ್ತು. ಈಗ ಮುಚ್ಚಿದ ಕಿಟಕಿಗಳಿಗೆ ಅಗುಳಿ ಬಿತ್ತು.

"ಲೇ, ನಿನ್ನ ಬೆನ್ನ ಮೇಲಿನ ಮಚ್ಚೆ ನಂಗಲ್ದೆ ಇನ್ಯಾರಿಗೆ ಗೊತ್ತು? ನಾನೇ ಕಣೇ!"

"ಅತ್ತೆ, ಅವರೇ ಇದು!"

"ಕಲ್ಲಿಗೆ ಗೊತ್ತಿಲ್ದೇ ಇರೋದು ಏನಿದೆ?" ಎಂದಳು ಅತ್ತೆ.

ಅವನು ನಿಜ ಹೇಳಿದಷ್ಟೂ ಊರು ಹೆಚ್ಚು ಹೆದರಿತು. ಮುದುಕಿಯ ಹಿಡಿತವೇನೂ ಬಿಡಿಸಿಕೊಳ್ಳಲಾಗದಷ್ಟು ಬಿಗಿಯಾಗಿರಲಿಲ್ಲ. ಸೊಸೆಗೂ ಭಯವಿತ್ತು, ಮುಚ್ಚಿಡುವುದೇಕೆ? ಅವಳು ಕೂತಳು. ದನಿ ಒಡೆಯಿತು, ಸಣ್ಣಗಾಯಿತು, ಕೊನೆಗೆ ನಿಂತೇಹೋಯಿತು.

ಬೆಳಗಾದ ಮೇಲೆ ಊರಿಗೆ ಧೈರ್ಯ ಬಂತು. ಎರಡು ಕಂಬಗಳ ನಡುವಿನ ಸಂದಿಯಿಂದ ಅವನ ಹೆಣ ಎತ್ತಿದರು. ಸಂಜೆಯೇ ಕರೆತಂದಿದ್ದರೆ ಉಳಿಯುತ್ತಿದ್ದ ಎಂದರು ಡಾಕ್ಟರು.

"ಬಿದ್ದ ಕೂಡ್ಲೇ ಜೀವ ಹೋಗಿದೆ. ಕೂಗಿದ್ದು ಕಲ್ಲು," ಎಂದು ಅತ್ತೆ ಬಂದವರಿಗೆಲ್ಲ ಹೇಳಿದಳು. ಬೀದಿಯವರು ಹೌದೌದೆಂದು ತಲೆಯಾಡಿಸಿದರು. ಎಲ್ಲರಿಗೂ ಬೇಕಿದ್ದದ್ದು ಅದೇ ಮಾತು.

ಸೊಸೆಗೆ ಬೇಕಿದ್ದದ್ದು ಬೇರೆ. "ಒಂದೇ ಒಂದ್ಸಲ ಹೇಳಿ ಅತ್ತೆ, ಕೂಗಿದ್ದು ಅವರೇ ಅಂತ," ಎಂದು ದಿನವೂ ಪೀಡಿಸಿದಳು. ತನ್ನ ಪಾಪವನ್ನು ಒಬ್ಬಳೇ ಹೊರುವುದು ಅವಳಿಂದ ಆಗುತ್ತಿರಲಿಲ್ಲ. ಅತ್ತೆ ಮುಖ ತಿರುಗಿಸುತ್ತಿದ್ದಳು.

ಮಳೆ ನಿಂತ ಒಂದು ಸಂಜೆ ಸೊಸೆ ಹೊಲಿದ ಬಟ್ಟೆ ಕೊಟ್ಟು ಮನೆಗೆ ಬಂದಾಗ ಹಿತ್ತಲೆಲ್ಲ ಅಗೆದು ಹಾಕಿತ್ತು. ಒಳಗೆ ಕಿಟಕಿ ಹಾರುಹೊಡೆದಿತ್ತು. ಅತ್ತೆ ಅಲ್ಲಿ ನಿಂತಿದ್ದಳು, ಉಗುರಲ್ಲಿ ಮಣ್ಣು, ಅಂಗೈಯಲ್ಲಿ ಎರಡು ಹೋಳಾದ ಹಲ್ಲಿನ ಸೆಟ್ಟು. ಗುಡ್ಡದಲ್ಲಿ ಗಾಳಿ ಊಳಿಡುತ್ತಿತ್ತು.

"ಓ! ಬಂದೆ ಕಣೋ ಮಗನೇ!" ಬೊಚ್ಚುಬಾಯಿ ತೆರೆದು ಕೂಗಿದಳು. "ನೀನೇ ಅಂತ ಗೊತ್ತಿತ್ತು ಕಣೋ! ಅವತ್ತೇ ಗೊತ್ತಿತ್ತು!"

ಎದುರು ಮನೆಯ ಕಿಟಕಿಗಳು ಮುಚ್ಚಿಕೊಂಡವು. ಸೊಸೆ ಅಷ್ಟು ದಿನ ಕಾದಿದ್ದ ಮಾತು ಕೊನೆಗೂ ಕಿವಿಗೆ ಬಿದ್ದಿತ್ತು. ಅದರಿಂದ ಎದೆಯ ಭಾರ ಎಳ್ಳಷ್ಟೂ ಇಳಿಯಲಿಲ್ಲ. ಬಾಗಿಲ ಕಡೆ ಧಾವಿಸಿದ ಮುದುಕಿಯ ರಟ್ಟೆಯನ್ನು ಸೊಸೆ ಗಟ್ಟಿಯಾಗಿ ಹಿಡಿದುಕೊಂಡಳು.

"ಅವರಲ್ಲ ಅತ್ತೆ," ಎಂದಳು. "ಈಗ ಕರೀತಿರೋದು ಬರೀ ಕಲ್ಲು."