ಒಂಬತ್ತೂವರೆಯ ತೂತು

ಸ್ಪ್ಯಾನರ್ ಇನ್ನೊಂದು ಸುತ್ತು ತಿರುಗಿತು, ಸ್ಕ್ರೂ ಮಾತ್ರ ಬಿಗಿಯಲಿಲ್ಲ. ಮಗಳು ಮತ್ತೆ ತಿರುಗಿಸಿದಳು. ಹೊರಟ ಜಾಗಕ್ಕೇ ಬಂದು ನಿಂತಿತು.

ಅಪ್ಪನ ಅಂತಿಮ ದರ್ಶನಕ್ಕೆ ಬೆಳಗಿನಿಂದ ಜನ ಹತ್ತಿ ಇಳಿದದ್ದು ಹೊರಗಿನ ಈ ಕಬ್ಬಿಣದ ಮೆಟ್ಟಿಲಲ್ಲೇ. ತಿರುವಿನ ಹಲಗೆ ಪ್ರತಿ ಸಲವೂ ನರಳುತ್ತಿತ್ತು. ಅದನ್ನು ಕಂಬಕ್ಕೆ ಹಿಡಿದಿದ್ದ ಸ್ಕ್ರೂಗಳನ್ನು ಬಿಗಿ ಮಾಡೋಣವೆಂದು ಅವಳು ಅಪ್ಪನ ಸ್ಪ್ಯಾನರ್ ಹಿಡಿದು ಹಲಗೆಯ ಕೆಳಗೆ ಬಂದಿದ್ದಳು.

"ಅಲ್ಲೇನಮ್ಮ ಮಾಡ್ತಿದೀಯ? ಪೆಟ್ಟಿಗೆ ಇಳಿಸೋ ಹೊತ್ತಾಯ್ತು," ಚಿಕ್ಕಪ್ಪ ಮೇಲಿನಿಂದ ಬಗ್ಗಿ ಕೇಳಿದ.

"ಸ್ಕ್ರೂ ಹಿಡೀತಿಲ್ಲ ಚಿಕ್ಕಪ್ಪ."

"ನಿಮ್ಮಪ್ಪ ಹಾಕಿದ ಸ್ಕ್ರೂ ಹಿಡಿಯಲ್ವಾ? ಈ ಮಾತು ಬೇರೆ ಯಾರಿಗಾದ್ರೂ ಹೇಳು ಹೋಗು."

ಮೇಲೆ ಬಾಗಿಲಲ್ಲಿ ಅಪ್ಪನ ವರ್ಕ್‌ಶಾಪಿನ ಮೇಸ್ತ್ರಿ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. "ತೂತಿನೊಳಗೆ ಸ್ಕ್ರೂ ಹಿಡಿಯೋ ಥ್ರೆಡ್ ಕೊರೆಯುವಾಗ ನಾವೆಲ್ಲ ಆ ಕೊರೆಯೋ ಕಡ್ಡಿ, ಟ್ಯಾಪ್, ಮುರಿದು ಬೈಸಿಕೊಳ್ತಿದ್ವಿ. ಇವನು ಜೀವಮಾನದಲ್ಲಿ ಒಂದು ಮುರೀಲಿಲ್ಲ ಕಣ್ರೀ. ಹೂವಿನಂಥ ಕೈ."

ಮಗಳು ಸ್ಪ್ಯಾನರ್ ತೆಗೆದು ಸ್ಕ್ರೂವನ್ನು ಬರಿ ಬೆರಳಲ್ಲಿ ತಿರುಗಿಸಿ ನೋಡಿದಳು.

*

ಅಪ್ಪನ ವರ್ಕ್‌ಶಾಪಿಗೆ ಕೆಲಸ ಕಲಿಯಲು ಹೋದ ಮೊದಲ ವಾರವೇ ಅವಳು ಟ್ಯಾಪ್ ಮುರಿದು ಕಣ್ಣೀರು ಹಾಕಿದ್ದಳು. ಅಪ್ಪ ಪಕ್ಕದಲ್ಲಿ ಕೂತ.

"ಹತ್ತು ಮಿಲಿಮೀಟರ್ ಸ್ಕ್ರೂ. ಥ್ರೆಡ್ಡಿಂದ ಥ್ರೆಡ್ಡಿಗೆ ಒಂದೂವರೆ. ಕಳೆದ್ರೆ ಎಂಟೂವರೆ. ಡ್ರಿಲ್ ಬಿಟ್ ಎಂಟೂವರೆದೇ ಇರಬೇಕು." ಆಮೇಲೆ ಅತ್ತಿತ್ತ ನೋಡಿ ಜೇಬಿನಿಂದ ಬೇರೊಂದು ಬಿಟ್ ತೆಗೆದ. "ಅದು ಪುಸ್ತಕಕ್ಕೆ. ಇದು ನಮಗೆ, ಒಂಬತ್ತೂವರೆ. ಟ್ಯಾಪ್ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತೆ."

"ತೂತು ದೊಡ್ಡದಾದ್ರೆ ಸ್ಕ್ರೂಗೆ ಹಿಡಿತ ಇರುತ್ತಾ ಅಪ್ಪಾ?"

"ನಿಲ್ಲೋವರೆಗೂ ನಿಲ್ಲುತ್ತೆ ಬಿಡು."

ಅಪ್ಪ ನಕ್ಕ, ಅವಳೂ ನಕ್ಕಳು. ಆಮೇಲೆ ಬೇರೆ ಕಡೆ ಕೆಲಸಕ್ಕೆ ಸೇರಿದಳು, ಒಂಬತ್ತೂವರೆಯನ್ನು ಮುಟ್ಟಲಿಲ್ಲ. ಅಪ್ಪನಿಗೆ ಎದುರಾಡಲೂ ಇಲ್ಲ. ಅವನೆಂದರೆ ಅವಳಿಗೆ ಪ್ರಾಣ.

*

ಆರು ಜನ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಾಗಿಲು ದಾಟಿದ್ದರು. ಅವಳು ಓಡಿ ಹೋಗಿ ಅಡ್ಡ ನಿಂತಳು.

"ತಡೀರಿ. ಹಲಗೆ ಕೆಳಗೆ ಒಂದು ಆಸರೆ ಕೊಟ್ಟು ಇಳಿಸೋಣ. ಅಪ್ಪ ತೂತು ದೊಡ್ಡದು ಕೊರೀತಿದ್ರು. ಅದಕ್ಕೇ ಟ್ಯಾಪ್ ಮುರೀತಿರಲಿಲ್ಲ."

ಮೇಸ್ತ್ರಿಯ ಮುಖ ಸಣ್ಣದಾಯಿತು.

"ಇವತ್ತು ಆಡೋ ಮಾತೇನಮ್ಮ ಇದು? ಅವನಿನ್ನೂ ಮನೆ ಬಿಟ್ಟಿಲ್ಲ," ಎಂದ ಮೇಸ್ತ್ರಿ.

"ದುಃಖದಲ್ಲಿ ಏನೇನೋ ಅಂತಿದಾಳೆ, ನೀವು ನಡೀರಿ," ಎಂದ ಚಿಕ್ಕಪ್ಪ, ಅವಳ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಅಪ್ಪನ ಮರ್ಯಾದೆ ಕಳೆದೆನೆಂಬ ನಾಚಿಕೆ ಅವಳನ್ನು ಸುಟ್ಟಿತು. ಭಯ ಅದಕ್ಕಿಂತ ದೊಡ್ಡದಾಗಿತ್ತು. ತೋಳು ಬಿಡಿಸಿಕೊಂಡು ಕೆಳಗೋಡಿ, ಹಲಗೆಯಡಿ ನಿಂತು, ಮೇಲಿನ ಸ್ಕ್ರೂವಿನ ತಲೆಗೆ ಹೆಬ್ಬೆರಳು ಒತ್ತಿ ಹಿಡಿದಳು.

ಮೊದಲ ಇಬ್ಬರು ಹಲಗೆಯ ಮೇಲೆ ಕಾಲಿಟ್ಟರು. ಪೆಟ್ಟಿಗೆಯ ನೆರಳು ಅವಳ ಮೇಲೆ ಬಿತ್ತು. ಹಿಂದಿನವರೂ ಒಬ್ಬೊಬ್ಬರಾಗಿ ಹೆಜ್ಜೆಯಿಟ್ಟರು. ಮೇಲೆ ಮೇಸ್ತ್ರಿ ಯಾರಿಗೋ, ಹೂವಿನಂಥ ಕೈ, ಎನ್ನುತ್ತಿದ್ದ.

ಅವಳ ಹೆಬ್ಬೆರಳನ್ನು ತಳ್ಳಿಕೊಂಡು ಸ್ಕ್ರೂ ತೂತಿನಿಂದ ನೇರವಾಗಿ ಹೊರಗೆ ಬರುತ್ತಿತ್ತು, ಒಂದಿಷ್ಟೂ ತಿರುಗದೆ.